ಪಾಗಾರದಾಚೆಗೂ ಬೇಕು ಮನೆಯ ವಿಮೆ

ಕರಾವಳಿಯಲ್ಲಿ ಮನೆ ವಿಮೆಯ ಮಾತು ಬರುವುದು ಹೆಚ್ಚಾಗಿ ಎರಡು ಹೊತ್ತಿನಲ್ಲಿ. ಗೃಹಸಾಲದ ಕಾಗದಪತ್ರಗಳಿಗೆ ಬ್ಯಾಂಕಿನಲ್ಲಿ ಸಾಲು ಸಾಲಾಗಿ ಸಹಿ ಹಾಕುವಾಗ ಒಮ್ಮೆ. ಆಟಿಯ ಗಾಳಿಮಳೆಗೆ ಯಾರದೋ ಮನೆಯ ಮಾಡಿನ ಮೇಲೆ ಮರ ಬಿದ್ದ ಚಿತ್ರ ಪತ್ರಿಕೆಯಲ್ಲಿ ಬಂದಾಗ ಇನ್ನೊಮ್ಮೆ. ಮೊದಲನೆಯದರಲ್ಲಿ ಓದಲು ಪುರುಸೊತ್ತಿರುವುದಿಲ್ಲ, ಎರಡನೆಯದರಲ್ಲಿ ಕಾಲ ಮಿಂಚಿರುತ್ತದೆ. ಎರಡರಲ್ಲೂ ಕೇಳುವ ಪ್ರಶ್ನೆ ಒಂದೇ: ನನ್ನ ಮನೆಗೆ ಏನಾದರೂ ಆದರೆ ದುಡ್ಡು ಬರುತ್ತದೆಯೇ? ನನ್ನ ಮನೆಯಿಂದ ಬೇರೆಯವರಿಗೆ ಏನಾದರೂ ಆದರೆ ದುಡ್ಡು ಕೊಡುವವರು ಯಾರು ಎಂಬ ಪ್ರಶ್ನೆ ಏಳುವುದೇ ಇಲ್ಲ. ಉಡುಪಿ ಬಳಿಯ ಕಟಪಾಡಿಯಂಥ ಊರಿನಲ್ಲಿ ಈ ಎರಡನೆಯ ಪ್ರಶ್ನೆಯೇ ಮುಖ್ಯ ಎಂಬುದು ಈ ಲೇಖನದ ವಾದ. ನಮ್ಮ ದೇಶದ ಮನೆ ವಿಮೆ ಗೋಡೆ, ಮಾಡುಗಳನ್ನು ತಕ್ಕಮಟ್ಟಿಗೆ ಚೆನ್ನಾಗಿಯೇ ಕಾಯುತ್ತದೆ. ಆದರೆ ನೆರೆಯವರಿಗೆ, ದಾರಿಹೋಕರಿಗೆ, ಮನೆಗೆ ಬಂದವರಿಗೆ ಯಜಮಾನ ಕೊಡಬೇಕಾಗಿ ಬರುವ ಪರಿಹಾರವನ್ನು ಅದು ಬಹುಮಟ್ಟಿಗೆ ಅವನ ತಲೆಯ ಮೇಲೇ ಬಿಟ್ಟಿದೆ.

ಹಣದ ವಿಷಯದಲ್ಲಿ ಈ ಸೀಮೆ ಹಿಂದುಳಿದದ್ದಲ್ಲ. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕಿನ ಬೀಜ ಬಿತ್ತಿದರು. 1925ರಲ್ಲಿ ಉಪೇಂದ್ರ ಪೈ, ಟಿ.ಎಂ.ಎ. ಪೈ, ವಾಮನ ಕುಡ್ವರು ಸೇರಿ ಸಿಂಡಿಕೇಟ್ ಬ್ಯಾಂಕನ್ನು ಕಟ್ಟಿದರು. 1928ರಲ್ಲಿ ಅದರ ಪಿಗ್ಮಿ ಯೋಜನೆ ದಿನಕ್ಕೆ ಎರಡಾಣೆಯನ್ನೂ ಉಳಿತಾಯವಾಗಿಸಿತು. ಕೂಡಿಡುವುದು, ಸಾಲ ತರುವುದು, ಮುಂಬಯಿಯಿಂದಲೂ ಕೊಲ್ಲಿ ದೇಶಗಳಿಂದಲೂ ಹಣ ಕಳುಹಿಸಿ ತಾರಸಿ ಮನೆ ಕಟ್ಟಿಸುವುದು ಇಲ್ಲಿನವರಿಗೆ ಕರತಲಾಮಲಕ. ಅಷ್ಟು ಹಣ ಸುರಿದು ಕಟ್ಟಿದ ಮನೆಗೆ ವಿಮೆ ಮಾತ್ರ ಸಾಲದ ಬಾಲಂಗೋಚಿಯಾಗಿ ಬಂದು, ಸಾಲ ತೀರಿದ ವರ್ಷವೇ ಹೋಗಿಬಿಡುತ್ತದೆ. ಜೊತೆಗೆ ಒಂದು ಗೊಂದಲವೂ ಉಂಟು. ಸಾಲಗಾರ ತೀರಿಕೊಂಡರೆ ಬಾಕಿ ಕಂತುಗಳನ್ನು ತುಂಬಿಕೊಡುವುದು ಜೀವವಿಮೆ; ಮನೆ ಬಿದ್ದರೆ ಕಟ್ಟಿಕೊಡುವುದು ಮನೆ ವಿಮೆ. ಬ್ಯಾಂಕಿನ ಕೌಂಟರಿನಲ್ಲಿ ಎರಡಕ್ಕೂ ‘ಇನ್ಶೂರೆನ್ಸ್’ ಎಂಬ ಒಂದೇ ಹೆಸರು. ಹೀಗಾಗಿ ಮೊದಲನೆಯದನ್ನು ಮಾಡಿಸಿ ಎರಡನೆಯದೂ ಇದೆಯೆಂದು ನಂಬಿ ಕುಳಿತವರು ಕಡಿಮೆಯಿಲ್ಲ.

ಮನೆ ವಿಮೆಯ ಈಗಿನ ಸ್ವರೂಪ ಹಳೆಯದೇನಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವು 2021ರ ಏಪ್ರಿಲ್ 1ರಿಂದ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಪಾಲಿಸಿಯನ್ನು ಜಾರಿಗೆ ತಂದಿತು. ಯಾವ ಸಾಮಾನ್ಯ ವಿಮಾ ಕಂಪನಿಗೆ ಹೋದರೂ ಇದರ ಮೂಲ ಷರತ್ತುಗಳು ಒಂದೇ. ಬೆಂಕಿ, ಸಿಡಿಲು, ಸ್ಫೋಟ, ಭೂಕಂಪ, ಬಿರುಗಾಳಿ, ಚಂಡಮಾರುತ, ನೆರೆ, ಸುನಾಮಿ, ಭೂಕುಸಿತ, ಗಲಭೆ, ನೀರಿನ ಟ್ಯಾಂಕ್ ಒಡೆಯುವುದು, ಮರವೋ ವಾಹನವೋ ಬಂದು ಬಡಿಯುವುದು, ಎಲ್ಲವೂ ಇದರಲ್ಲಿ ಸೇರಿವೆ. ಕಟ್ಟಡವೆಂದರೆ ಮನೆಯಷ್ಟೇ ಅಲ್ಲ. ಆವರಣ ಗೋಡೆ, ಗೇಟು, ಕಾರು ನಿಲ್ಲಿಸುವ ಕೊಟ್ಟಿಗೆ, ತಡೆಗೋಡೆ ಕೂಡ ಅದರೊಳಗೇ ಬರುತ್ತವೆ. ಕಟ್ಟಡಕ್ಕೆ ಮಾಡಿಸಿದ ವಿಮೆಯ ಶೇ. 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಮನೆಯೊಳಗಿನ ಸಾಮಾನಿಗೆ ತಾನಾಗಿಯೇ ರಕ್ಷಣೆ ಸಿಗುತ್ತದೆ. ಹಿಂದಿನ ಪಾಲಿಸಿಗಳಲ್ಲಿ ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದವರ ಪರಿಹಾರವನ್ನು ಅದೇ ಪ್ರಮಾಣದಲ್ಲಿ ಕತ್ತರಿಸುವ ನಿಯಮವಿತ್ತು, ಅದನ್ನಿಲ್ಲಿ ಕೈಬಿಡಲಾಗಿದೆ. ದೀರ್ಘಾವಧಿ ಪಾಲಿಸಿಯಾದರೆ ವಿಮಾ ಮೊತ್ತ ವರ್ಷಕ್ಕೆ ಶೇ. 10ರಂತೆ ಏರುತ್ತ ಹೋಗುತ್ತದೆ. 2020ರ ಸೆಪ್ಟೆಂಬರ್ 20ರಂದು ರಾತ್ರಿ ಬೆಳಗಾಗುವುದರೊಳಗೆ ಉಡುಪಿಯ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿ ಜನರನ್ನು ದೋಣಿಯಲ್ಲಿ ಸಾಗಿಸಿದ ದಿನವನ್ನು, 2021ರ ಮೇ ಮಧ್ಯದ ತೌಕ್ತೆ ಚಂಡಮಾರುತವನ್ನು ನೆನೆದರೆ ಇಂಥ ಪಾಲಿಸಿ ಇಲ್ಲಿನ ಮಳೆಗಾಲಕ್ಕೆ ಹೇಳಿ ಮಾಡಿಸಿದಂತೆಯೇ ತೋರುತ್ತದೆ.

ಹೇಳಿ ಮಾಡಿಸಿದ ಅಂಗಿಯಲ್ಲೂ ತೂತುಗಳಿವೆ. ಅವು ನಮ್ಮ ಕಡೆಯ ಮೈಗೆ ತಾಗುವ ಜಾಗದಲ್ಲೇ ಇವೆ. ಭೂಕುಸಿತ, ನೆಲಕುಸಿತಕ್ಕೆ ಪರಿಹಾರ ಕೊಡುವ ಕಲಮಿನ ಕೆಳಗೆಯೇ ಕೆಲವು ವಿನಾಯಿತಿಗಳಿವೆ. ಹೊಸ ಕಟ್ಟಡ ಕೂರುವಾಗ ಬರುವ ಬಿರುಕು, ಮಣ್ಣು ತುಂಬಿಸಿ ಎತ್ತರಿಸಿದ ನೆಲದ ಜರುಗುವಿಕೆ, ಕಳಪೆ ಕಾಮಗಾರಿ, ಮತ್ತು ಕಡಲ ತೀರದ ಅಥವಾ ನದಿ ದಂಡೆಯ ಕೊರೆತ, ಇವಕ್ಕೆ ಪರಿಹಾರವಿಲ್ಲ. ಗದ್ದೆಗೆ ಮಣ್ಣು ತುಂಬಿಸಿ ಮನೆ ಕಟ್ಟುವುದು ಹೆದ್ದಾರಿ 66ರ ಎರಡೂ ಬದಿಯಲ್ಲಿ ಮಾಮೂಲಿ. ಮಟ್ಟು, ಪಡುಕೆರೆ, ಕಾಪು, ಪಡುಬಿದ್ರಿಯ ತೀರದಲ್ಲಿ ಕಡಲ್ಕೊರೆತ ಪ್ರತಿ ಮಳೆಗಾಲದ ಮಾತು. ಚಂಡಮಾರುತದ ಅಲೆ ಒಂದೇ ರಾತ್ರಿ ಬಂದು ಗೋಡೆಗೆ ಬಡಿದರೆ ಅದು ವಿಮೆಯೊಳಗಿನ ನಷ್ಟ. ಅದೇ ಸಮುದ್ರ ಹತ್ತು ವರ್ಷ ತೆಂಗಿನ ಸಾಲನ್ನು ಒಂದೊಂದಾಗಿ ತಿಂದು ಕೊನೆಗೆ ಜಗಲಿಗೆ ಬಂದರೆ ಅದು ವಿಮೆಯ ಹೊರಗಿನ ನಷ್ಟ. ನಷ್ಟ ಯಾವ ಕಡೆಗೆ ಸೇರಿದ್ದೆಂದು ಮೊದಲು ತೂಗುವುದು ಸರ್ವೇಯರನ ವರದಿ. ಆದ್ದರಿಂದ ತೀರದಲ್ಲಿರುವವರು ಮಳೆಗಾಲಕ್ಕೆ ಮುಂಚೆ ಮನೆಯ, ದಂಡೆಯ ಚಿತ್ರಗಳನ್ನು ದಿನಾಂಕ ಸಹಿತ ತೆಗೆದಿಟ್ಟುಕೊಳ್ಳುವುದು ಕ್ಷೇಮ. ಸಿಡಿಲಿನದೂ ಇಂಥದೇ ಕತೆ. ಸಿಡಿಲು ಬಡಿದು ಗೋಡೆ ಸೀಳಿದರೆ ಪರಿಹಾರವುಂಟು. ವಿದ್ಯುತ್ ತಂತಿಯಲ್ಲಿ ಹರಿದು ಬಂದು ಫ್ರಿಜ್ಜು, ಟಿವಿ, ಪಂಪುಗಳನ್ನು ಸುಟ್ಟರೆ ಆ ಯಂತ್ರಕ್ಕೆ ಸಾಮಾನ್ಯವಾಗಿ ಇಲ್ಲ. ಅದಕ್ಕೆ ಬೇರೆ ಕಂತಿನ ಬೇರೆ ರಕ್ಷಣೆ ಬೇಕು. ಕಳ್ಳತನವೂ ಹಾಗೆಯೇ. ನೆರೆ, ಬೆಂಕಿಯಂಥ ಅನಾಹುತವಾದ 7 ದಿನದೊಳಗೆ ನಡೆದ ಕಳ್ಳತನ ಮಾತ್ರ ಮೂಲ ಪಾಲಿಸಿಗೆ ಸೇರುತ್ತದೆ. ಮದುವೆಗೆ ಹೋದಾಗ ಬಾಗಿಲು ಮುರಿದು ಒಯ್ದದ್ದು ಸೇರುವುದಿಲ್ಲ.

ಬೀಗ ಹಾಕಿದ ಮನೆ ಮತ್ತು ಪಾಲಾಗದ ಮನೆ ಇನ್ನೆರಡು ತೊಡಕು. ಮನೆ 30 ದಿನಕ್ಕಿಂತ ಹೆಚ್ಚು ಕಾಲ ಖಾಲಿ ಬಿದ್ದಿರುವುದಾದರೆ ಕಂಪನಿಗೆ ಮೊದಲೇ ತಿಳಿಸಿರಬೇಕೆಂಬ ಷರತ್ತು ಬೆಂಕಿ ವಿಮೆಯಲ್ಲಿ ಹಳೆಯದು. ಯಜಮಾನರು ದುಬೈಯಲ್ಲಿ, ಮಕ್ಕಳು ಬೆಂಗಳೂರಿನಲ್ಲಿದ್ದು ವರ್ಷಕ್ಕೊಮ್ಮೆ ನೇಮಕ್ಕೋ ರಜೆಗೋ ತೆರೆಯುವ ಮನೆಗಳು ಶಿರ್ವ ರಸ್ತೆಯ ಉದ್ದಕ್ಕೂ ಇರುವಾಗ ಈ ಷರತ್ತು ಸಣ್ಣದಲ್ಲ. ಹಳೆಯ ಗುತ್ತಿನ ಮನೆ, ಕುಟುಂಬದ ಮನೆಗಳದು ಬೇರೆ ಸಮಸ್ಯೆ. ಅಳಿಯಸಂತಾನ ಪದ್ಧತಿಯಲ್ಲಿ ಬಂದ ಆಸ್ತಿ ಎಷ್ಟೋ ಕಡೆ ದಾಖಲೆಯಲ್ಲಿ ಇಂದಿಗೂ ತೀರಿಹೋದ ಹಿರಿಯರ ಹೆಸರಿನಲ್ಲೇ ಇರುತ್ತದೆ. ಸೊತ್ತು ಹಾಳಾದರೆ ತನಗೆ ಹಣದ ನಷ್ಟವಾಗುವವನು ಮಾತ್ರ ಅದಕ್ಕೆ ವಿಮೆ ಮಾಡಿಸಬಲ್ಲ ಎಂಬುದು ವಿಮೆಯ ಮೂಲಸೂತ್ರ. ನಲವತ್ತು ಮಂದಿ ಪಾಲುದಾರರಿರುವ ಚಾವಡಿಗೆ ಕಂತು ಕಟ್ಟುವವರು ಯಾರು, ಪರಿಹಾರ ಬಂದರೆ ಯಾರ ಖಾತೆಗೆ ಎಂಬುದನ್ನು ಕುಟುಂಬ ಮೊದಲೇ ಬರೆದಿಡದಿದ್ದರೆ ವಿಮೆಯಿಂದ ಎರಡನೆಯ ವ್ಯಾಜ್ಯ ಹುಟ್ಟುತ್ತದೆ. ಮಣಿಪಾಲದ ಸುತ್ತ ವಿದ್ಯಾರ್ಥಿಗಳಿಗೆ ಪೇಯಿಂಗ್ ಗೆಸ್ಟ್ ಮನೆ ನಡೆಸುವವರೂ ಗಮನಿಸಬೇಕು: ವಾಸದ ಮನೆಯೆಂದು ಬರೆಸಿ ವ್ಯಾಪಾರ ನಡೆಸಿದರೆ ಕಂಪನಿಗೆ ಕೈ ತೊಳೆದುಕೊಳ್ಳಲು ದಾರಿ ಮಾಡಿಕೊಟ್ಟಂತೆ.

ಇಷ್ಟೂ ಮನೆಯ ಸ್ವಂತ ನಷ್ಟದ ಮಾತು. ಈಗ ಅದೇ ಮನೆಯನ್ನು ರಸ್ತೆಯ ಕಡೆಯಿಂದ ನೋಡೋಣ. ಕಟಪಾಡಿಯ ಒಂದು ಸಾಧಾರಣ ಹಿತ್ತಿಲಲ್ಲಿ ಪಾಗಾರಕ್ಕೆ ತಾಗಿ ನಾಲ್ಕಾರು ತೆಂಗು. ಅವುಗಳ ಮಡಲು, ಕಾಯಿ ಬೀಳುವುದು ಅರ್ಧ ತನ್ನ ಅಂಗಳಕ್ಕೆ, ಅರ್ಧ ಓಣಿಗೆ. ಮುರಕಲ್ಲಿನ ಎತ್ತರದ ಆವರಣ ಗೋಡೆಯ ಬುಡದಲ್ಲಿ ಮಳೆನೀರಿನ ತೋಡು ಹರಿಯುತ್ತದೆ. ಕಟ್ಟೆ ತಗ್ಗಾದ ಬಾವಿ, ಗೇಟಿನ ಹಿಂದೆ ನಾಯಿ, ಅಡುಗೆಮನೆಯಲ್ಲಿ ಗ್ಯಾಸು, ತಾರಸಿಯ ಮೇಲೆ ಗಾಳಿಗೆ ಬಿಟ್ಟುಕೊಂಡ ಶೀಟಿನ ಚಪ್ಪರ. ಕಾಯಿ ಕೊಯ್ಯಲು, ಹಂಚು ತಿರುವಲು ಬರುವ ಕೆಲಸದವರು. ವರ್ಷಕ್ಕೊಮ್ಮೆ ತಂಬಿಲಕ್ಕೋ ನೇಮಕ್ಕೋ ಸೇರುವ ನೂರಾರು ಜನ. ಇವುಗಳಲ್ಲಿ ಯಾವುದರಿಂದ ಪರರಿಗೆ ಪೆಟ್ಟಾದರೂ ಗೃಹ ರಕ್ಷಾ ಪಾಲಿಸಿಯ ಮೂಲ ಭಾಗದಲ್ಲಿ ಅದಕ್ಕೆ ಹಣವಿಲ್ಲ. ನಿಮ್ಮ ತೆಂಗು ನಿಮ್ಮ ಮಾಡಿನ ಮೇಲೆ ಬಿದ್ದರೆ ಹಂಚಿಗೆ ಹಣ ಬರುತ್ತದೆ, ಪಕ್ಕದ ಮನೆಯವರ ಕಾರಿನ ಮೇಲೆ ಬಿದ್ದರೆ ನಿಮ್ಮ ಪಾಲಿಸಿ ಮೌನವಾಗಿರುತ್ತದೆ. ಅಷ್ಟೇ ಅಲ್ಲ, ಅವರ ಕಾರಿಗೆ ಹಣ ಕೊಟ್ಟ ಅವರ ವಿಮಾ ಕಂಪನಿ ಅವರ ಸ್ಥಾನದಲ್ಲಿ ನಿಂತು ಆ ಹಣವನ್ನು ನಿಮ್ಮಿಂದ ವಸೂಲು ಮಾಡಲು ಬರಬಹುದು. ಈ ಹಕ್ಕು ವಿಮಾ ಕಾನೂನಿನಲ್ಲಿ ಹಿಂದಿನಿಂದಲೂ ಉಂಟು.

ಕಾನೂನು ಏನನ್ನುತ್ತದೆ? ಇಂಗ್ಲೆಂಡಿನಲ್ಲಿ ಮನೆಯ ಒಡೆಯ ಅಲ್ಲಿಗೆ ಬಂದವರ ಬಗ್ಗೆ ವಹಿಸಬೇಕಾದ ಎಚ್ಚರಕ್ಕೆಂದೇ 1957ರ ಕಾಯ್ದೆಯಿದೆ. ನಮ್ಮಲ್ಲಿ ಅಂಥ ಪ್ರತ್ಯೇಕ ಕಾಯ್ದೆಯಿಲ್ಲ; ನಿರ್ಲಕ್ಷ್ಯದ ಕುರಿತ ನ್ಯಾಯಾಲಯಗಳ ತೀರ್ಪುಗಳೇ ಆಧಾರ. ಎರಡು ತೀರ್ಪುಗಳನ್ನು ಜೊತೆಗಿಟ್ಟು ನೋಡಿದರೆ ಚಿತ್ರ ತಿಳಿಯುತ್ತದೆ. ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದು ಜನ ಸತ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1966ರಲ್ಲಿ ಪಾಲಿಕೆಯನ್ನು ಹೊಣೆ ಮಾಡಿತು. ಗೋಪುರಕ್ಕೆ 80 ವರ್ಷವಾಗಿತ್ತು. ಬಳಸಿದ ಗಾರೆಯ ಗುಣ ನೋಡಿದರೆ ಅದರ ಆಯುಷ್ಯ 40–45 ವರ್ಷ ಮಾತ್ರ. ರಸ್ತೆ ಬದಿಯ ಕಟ್ಟಡದ ಒಡೆಯನಾದವನು ದೋಷ ಕಣ್ಣಿಗೆ ಕಾಣುತ್ತಿರಲಿ, ಒಳಗೆ ಅಡಗಿರಲಿ, ಅದರ ಫಲಕ್ಕೆ ಜವಾಬ್ದಾರ ಎಂದಿತು ಆ ತೀರ್ಪು. 1997ರ ರಾಜಕೋಟ್ ಮಹಾನಗರಪಾಲಿಕೆ ಪ್ರಕರಣದಲ್ಲಿ ಇದಕ್ಕೆ ವಿರುದ್ಧ ದಿಕ್ಕು. ಕಚೇರಿಗೆ ನಡೆದು ಹೋಗುತ್ತಿದ್ದವರ ಮೇಲೆ ರಸ್ತೆ ಬದಿಯ ಮರ ಹಠಾತ್ತನೆ ಬಿದ್ದು ಸಾವಾದಾಗ, ಮರ ಬೀಳುವುದನ್ನು ಪಾಲಿಕೆ ಮುಂಗಾಣಲು ಸಾಧ್ಯವಿರಲಿಲ್ಲವೆಂದು ಅದನ್ನು ಹೊಣೆಯಿಂದ ಬಿಡಿಸಲಾಯಿತು. ಎರಡನ್ನೂ ಕೂಡಿಸಿದರೆ ಸಾಮಾನ್ಯನಿಗೆ ಸಿಗುವ ಪಾಠ ಇದು: ಕಟ್ಟಿದ ವಸ್ತುವಿನ ವಿಷಯದಲ್ಲಿ ನೆಪ ನಡೆಯುವುದು ಕಷ್ಟ, ಬೆಳೆದ ಮರದ ವಿಷಯದಲ್ಲಿ ಅಪಾಯ ಮೊದಲೇ ಗೊತ್ತಿತ್ತೇ ಎಂಬುದರ ಮೇಲೆ ತೀರ್ಮಾನ. ನೆರೆಯವರು ‘ಆ ಮರ ವಾಲಿದೆ, ತೆಗೆಸಿ’ ಎಂದು ಪಂಚಾಯತಿಗೆ ಒಂದು ಅರ್ಜಿ ಕೊಟ್ಟಿದ್ದರೆ ಗೊತ್ತಿರಲಿಲ್ಲವೆಂಬ ಮಾತು ಅಲ್ಲಿಗೆ ಮುಗಿಯಿತು. ಬೀಳುವಂತಿರುವ ಕಟ್ಟಡ, ಮರ, ಬೇಲಿಯಿಲ್ಲದ ಬಾವಿ, ಅಪಾಯಕಾರಿ ಪ್ರಾಣಿ, ಇವುಗಳನ್ನು ತೆಗೆಸಲು ಅಥವಾ ಭದ್ರಪಡಿಸಲು ಆದೇಶಿಸುವ ಅಧಿಕಾರ ಕಾರ್ಯನಿರ್ವಾಹಕ ದಂಡಾಧಿಕಾರಿಗಳಿಗೆ ಹಿಂದಿನ ದಂಡಪ್ರಕ್ರಿಯಾ ಸಂಹಿತೆಯ 133ನೇ ಕಲಮಿನಲ್ಲಿತ್ತು, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯದರಲ್ಲಿದೆ. ಆ ಪಟ್ಟಿಯನ್ನು ಓದಿದರೆ ನಮ್ಮ ಹಿತ್ತಿಲನ್ನು ನೋಡಿಯೇ ಬರೆದಂತಿದೆ.

ಕೆಲಸದವರ ವಿಷಯ ಇನ್ನೂ ಸೂಕ್ಷ್ಮ. ಉದ್ಯೋಗದ ವೇಳೆ ಗಾಯಗೊಂಡವನಿಗೆ ಯಜಮಾನನ ತಪ್ಪಿಲ್ಲದಿದ್ದರೂ ಪರಿಹಾರ ಕೊಡಬೇಕೆಂಬ ತತ್ತ್ವ 1923ರ ಕಾರ್ಮಿಕ ಪರಿಹಾರ ಕಾಯ್ದೆಯಿಂದ ಬಂದದ್ದು. ಈಗ ಅದು 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಕಟ್ಟಡ ಕೆಲಸ, ಮರ ಕಡಿಯುವ ಕೆಲಸಗಳು ಹಳೆಯ ಕಾಯ್ದೆಯ ಅನುಸೂಚಿಯಲ್ಲೇ ಇದ್ದವು. ಅರ್ಧ ದಿನಕ್ಕೆ ಕಾಯಿ ಕೊಯ್ಯಲು ಬಂದವನು ನೌಕರನೋ ಸ್ವತಂತ್ರ ಗುತ್ತಿಗೆದಾರನೋ ಎಂಬುದು ವಕೀಲರು ವಾದಿಸುವ ಪ್ರಶ್ನೆ. ಬಿದ್ದವನ ಮನೆಯವರು ಆಸ್ಪತ್ರೆಯ ಬಾಗಿಲಲ್ಲಿ ನಿಂತಾಗ ಈ ವಾದ ಮಾಡುವ ಯಜಮಾನ ಊರಿನಲ್ಲಿ ತಲೆಯೆತ್ತಿ ತಿರುಗುವಂತಿಲ್ಲ. ತೆಂಗು ಅಭಿವೃದ್ಧಿ ಮಂಡಳಿಯ ‘ಕೇರ ಸುರಕ್ಷಾ’ ವಿಮೆ ಮರ ಹತ್ತುವವರ ಸ್ವಂತ ಅಪಘಾತಕ್ಕೆ ರಕ್ಷಣೆ ಕೊಡುತ್ತದೆ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾದಲ್ಲಿ ಅಪಘಾತದ ಸಾವಿಗೆ 2 ಲಕ್ಷವಿದೆ. ಇವೆರಡೂ ಅವನ ಕೈಯಲ್ಲಿವೆಯೇ ಎಂದು ಮರ ಹತ್ತುವ ಮುಂಚೆ ಕೇಳುವುದು ಕನಿಷ್ಠ ಮರ್ಯಾದೆ. ಆದರೆ ಅವು ಕೆಲಸಗಾರನ ರಕ್ಷಣೆ, ಮನೆಯವರ ಹೊಣೆಗೆ ಬದಲಿಯಲ್ಲ.

ಪರರಿಗಾದ ಹಾನಿಯ ವಿಮೆ ನಮಗೆ ಅಪರಿಚಿತವೂ ಅಲ್ಲ. ಅಂಗಳದಲ್ಲಿ ನಿಂತ ಸ್ಕೂಟರಿಗೆ 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನಂತೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದರ ಮೇಲೆ ಬಾಗಿ ನಿಂತ ತೆಂಗಿಗೆ ಯಾವುದೂ ಇಲ್ಲ. ಅಡುಗೆಮನೆಯಲ್ಲೂ ಒಂದು ಹೊಣೆ ವಿಮೆ ಕಾಣದಂತೆ ಕುಳಿತಿದೆ. ತೈಲ ಕಂಪನಿಗಳು ಅಡುಗೆ ಅನಿಲದ ಎಲ್ಲ ನೋಂದಾಯಿತ ಗ್ರಾಹಕರ ಪರವಾಗಿ ಸಾರ್ವಜನಿಕ ಹೊಣೆ ವಿಮೆ ಮಾಡಿಸಿರುತ್ತವೆ. ಅನಿಲವೇ ಮೂಲ ಕಾರಣವಾದ ಅಪಘಾತದಲ್ಲಿ ಸಾವಿಗೆ ತಲಾ 6 ಲಕ್ಷ ರೂಪಾಯಿ. ಚಿಕಿತ್ಸೆಗೆ ತಲಾ ಗರಿಷ್ಠ 2 ಲಕ್ಷದಂತೆ ಒಂದು ಘಟನೆಗೆ 30 ಲಕ್ಷ. ನೋಂದಾಯಿತ ವಿಳಾಸದ ಆಸ್ತಿಗೆ ಗರಿಷ್ಠ 2 ಲಕ್ಷ. ಇದಕ್ಕೆ ಗ್ರಾಹಕ ಬೇರೆ ಕಂತು ಕಟ್ಟಬೇಕಿಲ್ಲ. ಅಪಘಾತವಾದ ಕೂಡಲೇ ವಿತರಕರಿಗೆ ಲಿಖಿತವಾಗಿ ತಿಳಿಸಬೇಕು, ಅಷ್ಟೆ. ಇದು ಗೊತ್ತಿಲ್ಲದ ಮನೆಗಳೇ ಹೆಚ್ಚು. ಭೋಪಾಲದ ದುರಂತದ ನಂತರ ಬಂದ 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆಯೂ ಇದೇ ತತ್ತ್ವದ್ದು, ಆದರೆ ಅದು ಅಪಾಯಕಾರಿ ರಾಸಾಯನಿಕ ಬಳಸುವ ಉದ್ಯಮಗಳಿಗೆ. ಒಟ್ಟಿನಲ್ಲಿ ವಾಹನಕ್ಕೆ, ಗ್ಯಾಸಿಗೆ, ಕಾರ್ಖಾನೆಗೆ ಒಪ್ಪಿದ ತತ್ತ್ವವನ್ನು ಮನೆಗೆ ಮಾತ್ರ ನಾವು ಅನ್ವಯಿಸಿಲ್ಲ.

ಹಾಗೆಂದು ಮಾರುಕಟ್ಟೆಯಲ್ಲಿ ಈ ರಕ್ಷಣೆ ಇಲ್ಲವೆಂದಲ್ಲ. ಸರಕಾರಿ ಸ್ವಾಮ್ಯದ ಕಂಪನಿಗಳ ಹಳೆಯ ‘ಹೌಸ್‌ಹೋಲ್ಡರ್ಸ್’ ಪ್ಯಾಕೇಜಿನಲ್ಲಿ ಬೆಂಕಿ, ಕಳ್ಳತನ, ಒಡವೆ, ಯಂತ್ರ ಕೆಡುವುದು ಹೀಗೆ ಹತ್ತರಷ್ಟು ವಿಭಾಗಗಳಿದ್ದು, ಕೊನೆಯಲ್ಲಿ ಸಾರ್ವಜನಿಕ ಹೊಣೆ ಮತ್ತು ಮನೆಗೆಲಸದವರ ಪರಿಹಾರದ ವಿಭಾಗ ಬರುತ್ತದೆ. ಖಾಸಗಿ ಕಂಪನಿಗಳೂ ಇದನ್ನು ಹೆಚ್ಚುವರಿಯಾಗಿ ಮಾರುತ್ತವೆ. ಕಟ್ಟಡದ ವಿಮೆಗೆ ಹೋಲಿಸಿದರೆ ಇದರ ಕಂತು ಅಲ್ಪ. ಕೊನೆಯ ವಿಭಾಗವಾದ್ದರಿಂದ ಏಜೆಂಟರು ಅಲ್ಲಿಯವರೆಗೆ ಬರುವುದೇ ಇಲ್ಲ, ಕೇಳುವವರೂ ಇಲ್ಲ. ಕೊಳ್ಳುವವರು ನೋಡಬೇಕಾದದ್ದು ಇಷ್ಟು: ಒಂದು ಘಟನೆಗೆ ಮಿತಿ ಎಷ್ಟು, ಇಡೀ ವರ್ಷಕ್ಕೆ ಎಷ್ಟು, ವಕೀಲರ ಖರ್ಚು ಆ ಮಿತಿಯ ಒಳಗೋ ಹೊರಗೋ, ಸಾಕುಪ್ರಾಣಿ ಸೇರಿದೆಯೇ, ಹಿತ್ತಿಲಿನ ಮರ, ಬಾವಿ, ಆವರಣ ಗೋಡೆಯಿಂದಾದ ಹಾನಿ ಸೇರಿದೆಯೇ, ದಿನಗೂಲಿಯವರು ‘ನೌಕರ’ರ ವ್ಯಾಖ್ಯೆಯಲ್ಲಿ ಬರುತ್ತಾರೆಯೇ. ವಾಹನದಿಂದಾದ ಹಾನಿ, ವ್ಯಾಪಾರ ಅಥವಾ ವೃತ್ತಿಯ ಹೊಣೆ, ಬೇಕೆಂದೇ ಮಾಡಿದ ಕೃತ್ಯ, ಸ್ವಂತ ಕುಟುಂಬದವರ ಗಾಯ ಇವು ಸಾಮಾನ್ಯವಾಗಿ ಇಂಥ ವಿಭಾಗಗಳ ಹೊರಗೇ ಇರುತ್ತವೆ. ದಂಡ, ಜುಲ್ಮಾನೆಗೆ ಯಾವ ವಿಮೆಯೂ ಇಲ್ಲ. ಕಚ್ಚುವ ನಾಯಿಯನ್ನು ನಿರ್ಲಕ್ಷ್ಯದಿಂದ ಬಿಟ್ಟವನ ಮೇಲೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಂತೆ ಕೇಸಾದರೆ ಅದರ ಶಿಕ್ಷೆಯನ್ನು ಅವನೇ ಅನುಭವಿಸಬೇಕು.

ಹೊರದೇಶಗಳ ಪದ್ಧತಿ ಇಲ್ಲಿ ಒಂದು ಒಳ್ಳೆಯ ತಿರುವುಮುರುವನ್ನು ತೋರಿಸುತ್ತದೆ. ಅಮೆರಿಕದಲ್ಲಿ ಮನೆ ಕೊಂಡ ಕನ್ನಡಿಗರು ಸಾಲ ಕೊಡುವ ಸಂಸ್ಥೆಯ ಒತ್ತಾಯದಿಂದ ತೆಗೆದುಕೊಳ್ಳುವ ಸಾಧಾರಣ ಪಾಲಿಸಿಯಲ್ಲಿ ಎರಡು ಭಾಗಗಳಿರುತ್ತವೆ: ಒಂದು ಆಸ್ತಿಯದು, ಇನ್ನೊಂದು ವೈಯಕ್ತಿಕ ಹೊಣೆಯದು. ಮನೆಯ ಮೆಟ್ಟಿಲಲ್ಲಿ ಜಾರಿ ಬಿದ್ದ ಅತಿಥಿ, ನಾಯಿ ಕಚ್ಚಿದ ಅಂಚೆಯವನು, ಎಲ್ಲರೂ ಎರಡನೆಯ ಭಾಗದೊಳಗೆ ಬರುತ್ತಾರೆ. ಯಾರ ತಪ್ಪೆಂದು ಕೇಳದೆ ಸಣ್ಣ ಮೊತ್ತದ ಚಿಕಿತ್ಸೆ ಖರ್ಚು ಕೊಡುವ ಉಪವಿಭಾಗವೂ ಅದರಲ್ಲಿದೆ. ಆದರೆ ಅಲ್ಲಿ ನೆರೆ ಮಾತ್ರ ಪಾಲಿಸಿಯ ಹೊರಗೆ; ಅದಕ್ಕೆ 1968ರಿಂದ ಸರಕಾರದ ಬೇರೆಯೇ ವಿಮಾ ಯೋಜನೆಯಿದೆ. ನಮ್ಮಲ್ಲಿ ಇದರ ತದ್ವಿರುದ್ಧ: ನೆರೆ ಒಳಗೆ, ನೆರೆಯವನು ಹೊರಗೆ. ನಿಸರ್ಗದ ಎದುರು ನಾವು ಹೆಚ್ಚು ಉದಾರಿಗಳು, ಮನುಷ್ಯನ ಎದುರು ಅವರು ಹೆಚ್ಚು ಎಚ್ಚರಿಕೆಯವರು. ಅವರ ಎಚ್ಚರದ ಹಿಂದೆ ದಾವೆಯ ಭಯವಿದೆ ಎಂಬುದು ನಿಜ, ಆದರೆ ಎಚ್ಚರದ ಲಾಭ ಗಾಯಗೊಂಡವನಿಗೂ ಸಿಗುತ್ತದೆ.

ಮೊದಲ ಆಕ್ಷೇಪ ಇಲ್ಲಿಂದಲೇ ಏಳುತ್ತದೆ. ಅಮೆರಿಕದಲ್ಲಿ ಮಾತೆತ್ತಿದರೆ ದಾವೆ. ನಮ್ಮೂರಲ್ಲಿ ತೆಂಗಿನಕಾಯಿ ಬಿತ್ತೆಂದು ಕೋರ್ಟಿಗೆ ಹೋಗುವವರು ಯಾರು? ಇಲ್ಲದ ರೋಗಕ್ಕೆ ಮದ್ದೇಕೆ? ಸಿವಿಲ್ ದಾವೆಗಳು ಅಪರೂಪ, ಅವು ವರ್ಷಗಟ್ಟಲೆ ಎಳೆಯುತ್ತವೆ ಎಂಬುದನ್ನು ಒಪ್ಪಲೇಬೇಕು. ಆದರೆ ಹೊಣೆಯ ಖರ್ಚು ಕೋರ್ಟಿನಲ್ಲೇ ಹುಟ್ಟಬೇಕೆಂದೇನಿಲ್ಲ. ಗೋಡೆ ಕುಸಿದು ಕಾಲು ಮುರಿದವನನ್ನು ಮಣಿಪಾಲಕ್ಕೆ ಒಯ್ದ ಮೇಲೆ ಶಸ್ತ್ರಚಿಕಿತ್ಸೆಯ ಮುಂಗಡ ಕಟ್ಟುವವರು ಯಾರೆಂಬ ಪ್ರಶ್ನೆ ಅದೇ ಸಂಜೆ ಬರುತ್ತದೆ. ಊರಿನ ನಾಲ್ಕು ಜನ ಕೂತು ಪಂಚಾತಿಕೆ ಮಾಡುತ್ತಾರೆ. ಯಜಮಾನ ಉಳ್ಳವನಾದರೆ ಕೊಡುತ್ತಾನೆ, ಇಲ್ಲದವನಾದರೆ ಸೊಸೈಟಿಯಿಂದ ಸಾಲ ತಂದು ಕೊಡುತ್ತಾನೆ, ಗಟ್ಟಿಗನಾದರೆ ಕೊಡುವುದೇ ಇಲ್ಲ. ದಾವೆ ಕಡಿಮೆಯಿದ್ದ ಮಾತ್ರಕ್ಕೆ ನಷ್ಟ ಕಡಿಮೆಯಾಗುವುದಿಲ್ಲ; ಅದು ಯಾರ ಪಾಲಿಗೆ ಬರಬೇಕೆಂಬುದನ್ನು ಕಾನೂನಿನ ಬದಲು ಬಲಾಬಲ ನಿರ್ಧರಿಸುತ್ತದೆ, ಅಷ್ಟೆ. ಹೊಣೆ ವಿಮೆ ಬಂದರೆ ಜನ ದಾವೆಗೆ ಕಲಿತು ಊರಿನ ಸಂಬಂಧ ಕೆಡುತ್ತದೆ ಎನ್ನುವವರಿಗೂ ಇದೇ ಉತ್ತರ. ಹಣದ ದಾರಿ ಬೇರೆಯಿದ್ದಾಗ ಸಂಬಂಧ ಉಳಿಯುವ ಸಂಭವವೇ ಹೆಚ್ಚು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಹೊಣೆ ವಿಮೆಯ ಷರತ್ತಿನ ಪ್ರಕಾರ ವಿಮಾದಾರ ಕಂಪನಿಯ ಒಪ್ಪಿಗೆಯಿಲ್ಲದೆ ತಪ್ಪು ತನ್ನದೆಂದು ಒಪ್ಪಬಾರದು, ಹಣ ಕೊಡುತ್ತೇನೆಂದು ಮಾತು ಕೊಡಬಾರದು. ನಮ್ಮ ರೂಢಿಯೋ ಆಸ್ಪತ್ರೆಯಲ್ಲಿ ನಿಂತು ‘ಖರ್ಚು ನಾನು ನೋಡಿಕೊಳ್ಳುತ್ತೇನೆ’ ಎನ್ನುವುದು. ಆ ಒಂದು ಮಾತಿನಿಂದ ಪಾಲಿಸಿ ಕೈಜಾರಬಹುದಾದರೆ ಅಂಥ ವಿಮೆ ನಮ್ಮ ನಡವಳಿಕೆಗೆ ಒಗ್ಗುವುದಿಲ್ಲ ಎಂಬ ಟೀಕೆಯಲ್ಲಿ ಹುರುಳಿದೆ. ಇದಕ್ಕೆ ಪರಿಹಾರ ರೂಢಿಯನ್ನು ಬಿಡುವುದಲ್ಲ, ಪಾಲಿಸಿಯನ್ನು ತಿದ್ದುವುದು. ತಪ್ಪು ಯಾರದೆಂದು ಕೇಳದೆ ಕೊಡುವ ಪದ್ಧತಿ ನಮ್ಮ ಕಾನೂನಿಗೆ ಹೊಸದಲ್ಲ. ಮೋಟಾರು ವಾಹನ ಕಾಯ್ದೆಯ 164ನೇ ಕಲಮಿನಲ್ಲಿ ಚಾಲಕನ ತಪ್ಪನ್ನು ಸಾಬೀತು ಮಾಡದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಕೊಡುವ ವ್ಯವಸ್ಥೆಯಿದೆ. ಗ್ಯಾಸಿನ ವಿಮೆಯ ಚಿಕಿತ್ಸಾ ಮೊತ್ತ ಕಣ್ಣೆದುರಿಗಿದೆ. ಗೃಹ ರಕ್ಷಾ ಪಾಲಿಸಿಗೂ ಇದೇ ಮಾದರಿಯ ಒಂದು ಸಣ್ಣ ವಿಭಾಗ ಸೇರಿದರೆ ಮನೆಯವರ ಮಾತಿಗೂ ಪಾಲಿಸಿಯ ಷರತ್ತಿಗೂ ಜಗಳವಿರುವುದಿಲ್ಲ. ವಿಮೆ ಇದೆಯೆಂದು ಜನ ಮರ ಕಡಿಸದೆ, ಗೋಡೆ ರಿಪೇರಿ ಮಾಡದೆ ಉಡಾಫೆ ಮಾಡುತ್ತಾರೆ ಎಂಬ ಅನುಮಾನಕ್ಕೂ ಮದ್ದಿದೆ: ಮೊದಲ ಕೆಲವು ಸಾವಿರ ರೂಪಾಯಿ ಯಜಮಾನನೇ ಭರಿಸಬೇಕೆಂಬ ಷರತ್ತು, ಲಿಖಿತ ದೂರು ಬಂದ ಮೇಲೂ ಸುಮ್ಮನಿದ್ದರೆ ಹಣವಿಲ್ಲವೆಂಬ ಷರತ್ತು.

ಮೂರನೆಯದು ಸರಕಾರವಿದೆಯಲ್ಲ ಎಂಬ ನಂಬಿಕೆ. ವಿಪತ್ತು ಪರಿಹಾರ ನಿಧಿಯ 2022–26ರ ಮಾನದಂಡದಂತೆ ಗುಡ್ಡಗಾಡಲ್ಲದ ಪ್ರದೇಶದಲ್ಲಿ ಪೂರ್ತಿ ನಾಶವಾದ ಮನೆಗೆ 1.20 ಲಕ್ಷ ರೂಪಾಯಿ; ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500. ರಾಜ್ಯ ತನ್ನ ಕೈಯಿಂದ ಸೇರಿಸುವುದುಂಟು. 2019ರ ನೆರೆಯ ನಂತರ ಪೂರ್ಣ ಕುಸಿದ ಮನೆಗೆ 5 ಲಕ್ಷ ಘೋಷಿಸಿತ್ತು. ಆದರೆ ಅದು ಆಯಾ ವರ್ಷದ ಸರಕಾರದ ಮನಸ್ಸಿಗೆ, ಬೊಕ್ಕಸಕ್ಕೆ ಬಿಟ್ಟದ್ದು. 6,500 ರೂಪಾಯಿಗೆ ಹಾರಿಹೋದ ಒಂದು ಬದಿಯ ಮಾಡನ್ನೂ ಮರಳಿ ಹಾಸಲಾಗದು. ಪ್ರಕೃತಿ ವಿಕೋಪದಲ್ಲಿ ಸತ್ತವರ ಕುಟುಂಬಕ್ಕೆ ಇದೇ ನಿಧಿಯಿಂದ 4 ಲಕ್ಷ ಬರುತ್ತದೆ. ಬಿಸಿಲಿನ ನಡುಮಧ್ಯಾಹ್ನ ಗಾಳಿಯಿಲ್ಲದೆ ಬಿದ್ದ ಕಾಯಿಗೆ, ಮಳೆಯಿಲ್ಲದೆ ಕುಸಿದ ಪಾಗಾರಕ್ಕೆ ಯಾವ ವಿಕೋಪದ ಹೆಸರೂ ಇಲ್ಲ. ಸರಕಾರದ ಪರಿಹಾರ ಮುಗಿಯುವಲ್ಲೇ ಮನೆಯ ಯಜಮಾನನ ಹೊಣೆ ಶುರುವಾಗುತ್ತದೆ.

ಕ್ಲೇಮು ಕೊಡುವುದೇ ಇಲ್ಲ, ಮತ್ತೇಕೆ ಕಂತು ಎಂಬ ಸಿಟ್ಟು ಕೊನೆಯದು. ಆ ಸಿಟ್ಟಿಗೆ ಕಾರಣಗಳಿವೆ, ಆದರೆ ಬೆನ್ನುಹತ್ತುವವರಿಗೆ ದಾರಿಗಳೂ ಇವೆ. ಕಂಪನಿಗೆ ದೂರು ಕೊಟ್ಟೂ ಪರಿಹಾರ ಸಿಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಬಳಿ ಶುಲ್ಕವಿಲ್ಲದೆ, ವಕೀಲರಿಲ್ಲದೆ 50 ಲಕ್ಷದವರೆಗಿನ ದೂರು ಕೊಡಬಹುದು. ಜಿಲ್ಲಾ ಗ್ರಾಹಕ ಆಯೋಗ ಇನ್ನೊಂದು ದಾರಿ. ಎರಡು ಕಡೆಯೂ ಗೆಲ್ಲುವುದು ಕಾಗದ: ಪ್ರಸ್ತಾವನೆಯ ಪ್ರತಿ, ಕಟ್ಟಡದ ದಾಖಲೆ, ಘಟನೆಯ ದಿನವೇ ತೆಗೆದ ಚಿತ್ರ, ಪಂಚಾಯತಿಯ ಅಥವಾ ಪೊಲೀಸರ ವರದಿ.

ಹಾಗಾದರೆ ಮಾಡಬೇಕಾದದ್ದು ಏನು? ಪ್ರಾಧಿಕಾರ ಒಂದೇ ಅಚ್ಚಿನ ಪಾಲಿಸಿಯನ್ನು ಎಲ್ಲ ಕಂಪನಿಗಳಿಂದ ಮಾರಿಸುವ ಶಕ್ತಿಯನ್ನು 2021ರಲ್ಲೇ ತೋರಿಸಿದೆ. ಅದರೊಳಗೆ ಐದು ಲಕ್ಷದಷ್ಟಾದರೂ ಮೂರನೆಯವರ ಹೊಣೆಯನ್ನು, ತಪ್ಪು ಕೇಳದ ಚಿಕಿತ್ಸಾ ಮೊತ್ತವನ್ನು ಸೇರಿಸಬೇಕು. 2025ರ ಸೆಪ್ಟೆಂಬರಿನಲ್ಲಿ ವೈಯಕ್ತಿಕ ಜೀವ ಮತ್ತು ಆರೋಗ್ಯ ವಿಮೆಯ ಜಿಎಸ್‌ಟಿ ತೆಗೆದ ಸರಕಾರ ಮನೆ ವಿಮೆಯ ಮೇಲಿನ ಶೇ. 18ನ್ನು ಹಾಗೇ ಉಳಿಸಿಕೊಂಡದ್ದಕ್ಕೆ ಸಮರ್ಥನೆಯಿಲ್ಲ. ಮಣಿಪಾಲ, ಉಡುಪಿಯ ಅಪಾರ್ಟ್‌ಮೆಂಟ್ ಸಂಘಗಳು ಲಿಫ್ಟು, ಟ್ಯಾಂಕು, ಆವರಣ ಗೋಡೆಯಂಥ ಸಾಮಾನ್ಯ ಭಾಗಗಳಿಗೆ ಸಂಘದ ಹೆಸರಿನಲ್ಲೇ ಹೊಣೆ ವಿಮೆ ಮಾಡಿಸಬೇಕು. ಹತ್ತು ಮಹಡಿಯ ಕಟ್ಟಡದಲ್ಲಿ ಹೊಣೆ ಯಾರದೆಂದು ಅನಾಹುತದ ನಂತರ ಹುಡುಕುವುದು ಮೂರ್ಖತನ. ಅಲ್ಲಿಯವರೆಗೆ ಒಂಟಿ ಮನೆಯವರು ಆದ್ಯತೆಯ ಕ್ರಮವನ್ನು ತಿರುಗಿಸಿ ನೋಡಬೇಕು. ಮನೆಯ ಸಾಮಾನು ಹೋದರೆ ನಷ್ಟ ಸಾಮಾನಿನಷ್ಟೇ, ಕಟ್ಟಡ ಹೋದರೆ ಕಟ್ಟಡದಷ್ಟೇ. ಬೇರೆಯವನ ಬೆನ್ನುಮೂಳೆ ಮುರಿದರೆ ನಷ್ಟಕ್ಕೆ ಮೇಲ್ಮಿತಿಯಿಲ್ಲ, ಅದು ಹಣದಲ್ಲಿ ಮಾತ್ರ ತೀರುವುದೂ ಇಲ್ಲ. ಮಿತಿಯಿಲ್ಲದ ನಷ್ಟಕ್ಕೆ ಮೊದಲು ವಿಮೆ ಮಾಡಿಸಬೇಕೆಂಬುದು ಲೆಕ್ಕ ಬಲ್ಲ ಯಾರಾದರೂ ಒಪ್ಪುವ ಮಾತು. ಮಳೆಗಾಲಕ್ಕೆ ಮುಂಚೆ ಒಣ ಮಡಲು ಇಳಿಸಿ, ಬಾವಿಕಟ್ಟೆ ಎತ್ತರಿಸಿ, ಪಾಗಾರದ ಬುಡ ನೋಡಿ, ಆಮೇಲೆ ಏಜೆಂಟನನ್ನು ಕರೆದು ಪಾಲಿಸಿಯ ಕೊನೆಯ ವಿಭಾಗದಿಂದ ಮಾತು ಆರಂಭಿಸುವ ಮನೆಯವರು ಜಿಪುಣರೂ ಅಲ್ಲ, ಅಂಜುಬುರುಕರೂ ಅಲ್ಲ. ಊರಿನ ನಡುವೆ ಬದುಕುವುದರ ಖರ್ಚನ್ನು ಸರಿಯಾಗಿ ಲೆಕ್ಕ ಹಾಕಿದವರು.